ಬಾನೆಟ್ಟಿನ ಮೇಲಿಟ್ಟ ಮೇಣದ ತುಂಡು

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾನು ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನು. ನಮ್ಮ ಕಡೆ ಬಸ್ಸು ಬರೀ ಜನರಿಗಲ್ಲ. ಮಗಳ ಮನೆಗೆ ಉಪ್ಪಿನಕಾಯಿ, ಮರೆತು ಬಂದ ಕನ್ನಡಕ, ಹಸುವಿನ ಔಷಧಿ, ಎಲ್ಲವನ್ನೂ ಡ್ರೈವರ್ ಕೈಗೆ ಕೊಟ್ಟು ಆ ಕಡೆಯವರಿಗೆ ಫೋನ್ ಮಾಡಿದರೆ ಮುಗಿಯಿತು. ನಾಜೂಕಿನ ವಸ್ತುವನ್ನು ನಾನು ನನ್ನ ಸೀಟಿನ ಎಡಗಡೆ, ಬಸ್ಸಿನೊಳಗೇ ಎಂಜಿನ್ ಮುಚ್ಚಿಕೊಂಡಿರುವ ಬಾನೆಟ್ಟಿನ ಮೇಲೆ, ಕಣ್ಣೆದುರೇ ಇಟ್ಟುಕೊಳ್ಳುತ್ತಿದ್ದೆ. ಒಂದೂ ಹಾಳಾಗಿಲ್ಲ ಎಂದು ಜಂಬ ಬೇರೆ.

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದರು. ಬೀಡಿ ಹೊಗೆ ಕಂಡರೆ ಸೆರಗು ಮುಚ್ಚಿಕೊಳ್ಳುವವಳು ಅವಳು. ಸಾಗರದಲ್ಲಿ ಎದೆಗೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದಾಗ ಶ್ವಾಸಕೋಶದಿಂದ ಗಾಳಿ ಸೋರಿ, ನಾಲ್ಕು ದಿನ ಪಕ್ಕೆಗೆ ನಳಿಕೆ ಹಾಕಿಸಿಕೊಂಡು ನರಳಿದಳು. "ಇನ್ನೊಂದ್ಸಲ ಸೂಜಿ ಅಂದ್ರೆ ನಾ ಮನೇಲೇ ಸಾಯ್ತೀನಿ" ಅಂದಳು. ಅವಳು ಸುಮ್ಮನೆ ಹೇಳುವವಳಲ್ಲ.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನಕ್ಕೆ ಹೇಳಿದರು: "ಜೀನನ್ನೇ ರಿಪೇರಿ ಮಾಡೋ ಸಂಶೋಧನೆ ಇನ್ನೂ ನಡೀತಾ ಇದೆ. ಸದ್ಯಕ್ಕೆ ನಿಮಗೆ ಮುಖ್ಯವಾಗಿ ಎರಡು ದಾರಿ. ಗಡ್ಡೆಯ ಜೀನಲ್ಲಿ ಒಂದು ಬದಲಾವಣೆ ಇದ್ರೆ ದಿನಾ ಮಾತ್ರೆ ತಗೊಂಡು ಓಡಾಡ್ಕೊಂಡಿರಬಹುದು. ಇಲ್ದಿದ್ರೆ ಇಮ್ಯುನೊಥೆರಪಿ, ನಿಮ್ಮ ಮೈಯ ಕಾವಲುಗಾರರನ್ನೇ ಎಬ್ಬಿಸೋ ಇಂಜೆಕ್ಷನ್. ಆದ್ರೆ ಪರೀಕ್ಷೆ ಮಾಡದೆ ಇಂಜೆಕ್ಷನ್ ಕೊಟ್ಟು, ಆಮೇಲೆ ಮಾತ್ರೆ ಬೇಕಾದ್ರೆ ಶ್ವಾಸಕೋಶಕ್ಕೇ ತೊಂದ್ರೆ ಆಗಬಹುದು. ಅದಕ್ಕೆ ಸಾಗರದಲ್ಲಿ ತೆಗೆದ ಚೂರನ್ನ ಪರೀಕ್ಷೆಗೆ ಇಲ್ಲಿಗೆ ತರಿಸಿ."

ಅವಳನ್ನು ಮತ್ತೆ ಅಲೆದಾಡಿಸುವುದು ಬೇಡವೆಂದು ಮನೆಯಲ್ಲಿ ಬಿಟ್ಟು, ಡ್ಯೂಟಿಯ ದಿನ ಬೆಳಿಗ್ಗೆ ನಾನೇ ಸಾಗರದ ಲ್ಯಾಬಿಗೆ ಹೋದೆ. ಅಲ್ಲಿಯ ಹೆಂಗಸು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ, ಜಾಲರಿಯಂತೆ ತೂತುಗಳಿದ್ದ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. "ಕೆಡಬಾರ್ದು ಅಂತ ಚೂರನ್ನ ಮೇಣದಲ್ಲಿ ಹುದುಗಿಸಿದೀವಿ. ಬಿಸಿಲಿಗೆ ಮಾತ್ರ ಇಡ್ಬೇಡಿ" ಅಂದರು.

ನಾನು ಬಿಸಿಲಿಗೆ ಇಡಲಿಲ್ಲ. ಗಾಜಿನ ಹತ್ತಿರ ಬಿಸಿಲು ಬೀಳುತ್ತದೆ ಎಂದು ಟವೆಲ್ಲಿನಲ್ಲಿ ನಾಲ್ಕು ಸುತ್ತು ಸುತ್ತಿ, ನೆರಳಿದ್ದ ಬಾನೆಟ್ಟಿನ ಮೇಲೆ ಇಟ್ಟೆ. ಇಪ್ಪತ್ತೆರಡು ವರ್ಷ ಎಡಗಾಲನ್ನು ಅದರ ಪಕ್ಕ ಬೇಯಿಸಿಕೊಂಡ ನನಗೆ ಅದು ಬಿಸಿ ಎನ್ನುವುದೇ ಮರೆತುಹೋಗಿತ್ತು. ಹೊಸನಗರದಲ್ಲಿ ಚಹಾ ಕುಡಿಯುವಾಗಲೂ ಕಂಡಕ್ಟರಿಗೆ "ಅದ್ರ ಮೇಲೆ ಕಣ್ಣಿಡು ಮಾರಾಯ" ಅಂದಿದ್ದೆ. ಎಂಥ ದಡ್ಡ ನಾನು!

ತೀರ್ಥಹಳ್ಳಿಯಲ್ಲಿ ಟವೆಲ್ ಎತ್ತಿದರೆ ಅಂಟಂಟು. ಮೇಣ ಕರಗಿ ಬಟ್ಟೆಗೆ ಇಳಿದಿತ್ತು. ಡಬ್ಬಿಯೊಳಗೆ ಏನೂ ಕಾಣಲಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಚೂರಿಗಾಗಿ ಬಸ್ ಸ್ಟ್ಯಾಂಡಿನಲ್ಲೇ ಟವೆಲ್ಲಿನ ಎಳೆ ಎಳೆ ಹುಡುಕಿದೆ. ಸಿಗಲಿಲ್ಲ. ವಾಪಸ್ ಟ್ರಿಪ್ಪಿಗೆ ಬೇರೆ ಡ್ರೈವರನ್ನು ಹತ್ತಿಸಿ, ಟವೆಲ್ಲನ್ನೂ ಡಬ್ಬಿಯನ್ನೂ ಹಿಡಿದು ಆಗುಂಬೆ ಘಟ್ಟ ಇಳಿಯುವ ಬಸ್ಸು ಹತ್ತಿದೆ. ಆಸ್ಪತ್ರೆಯ ಕೌಂಟರಿನಲ್ಲಿ "ಬಸ್ಸಲ್ಲಿ ಬಂತು" ಎಂದಷ್ಟೇ ಹೇಳಿ ಕೊಟ್ಟೆ. ಲ್ಯಾಬಿನವರೇ ಯಾರದೋ ಕೈಲಿ ಕಳಿಸಿದ್ದಾರೆ ಎಂದುಕೊಂಡಿದ್ದ ಹೆಂಡತಿ ಮನೆಯಲ್ಲಿ ಕೇಳಿದಾಗ "ತಲುಪ್ತು" ಅಂದೆ. ಅದು ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹತ್ತು ದಿನ ಬಿಟ್ಟು ಇಬ್ಬರೂ ಡಾಕ್ಟರ ಮುಂದೆ ಕೂತೆವು. ಅವರು ಕಾಗದ ನೋಡಿ ಹೇಳಿದರು: "ಪರೀಕ್ಷೆ ಆಗ್ಲಿಲ್ಲಮ್ಮ. ದಾರೀಲಿ ಬಿಸಿಗೆ ಕರಗಿ ಚೂರು ಕಳೆದುಹೋಗಿದೆ ಅಂತ ಲ್ಯಾಬಿನವರು ಬರೆದಿದಾರೆ. ಇನ್ನೊಂದ್ಸಲ ಸೂಜಿ ಹಾಕಲೇಬೇಕು."

ಅವಳ ಕೈ ತಾನಾಗಿ ಪಕ್ಕೆಯ ಗಾಯದ ಕಲೆಯ ಮೇಲೆ ಹೋಯಿತು.

"ಯಾರು ಡಾಕ್ಟ್ರೇ ತಂದಿದ್ದು? ಅವ್ನ ಮನೇಲಿ ಹೆಂಗಸ್ರು ಯಾರೂ ಇಲ್ವಾ? ಅವ್ನ ಕೈ ಸೇದ್ಹೋಗ್ಲಿ" ಅಂದಳು.

ನಾನು ಸುಮ್ಮನಿರಬಹುದಿತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆದರೆ ಅವಳು "ಅಲ್ವೇನ್ರೀ?" ಎಂದು ನನ್ನ ಕಡೆಗೇ ತಿರುಗಿದಳು.

"ನಾನೇ ಕಣೆ" ಅಂದೆ. "ಬಾನೆಟ್ ಮೇಲಿಟ್ಟಿದ್ದೆ."

ಅವಳು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಡಾಕ್ಟರ ಕಡೆ ತಿರುಗಿದಳು.

"ಸೂಜಿ ಹಾಕಿ. ತಡ್ಕೊಳ್ತೀನಿ" ಅಂದಳು. "ತೆಗೆದಿದ್ದನ್ನ ಇವ್ರ ಕೈಗೆ ಮಾತ್ರ ಕೊಡ್ಬೇಡಿ."

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ನಾನು ಎದ್ದು ಹೊರಗೆ ಹೋಗಿ ನಿಂತೆ.