ತಿಳಿಯಿತೆಂದು ನಕ್ಕವಳು

ಮೂಡಲಗಿಯ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಥೈಲ್ಯಾಂಡಿನವರಿಗೆ ಇಂಗ್ಲಿಷ್ ಉಚ್ಚಾರ ಕಲಿಸುತ್ತೇನೆ ಅಂದರೆ ಊರವರು ನಗುತ್ತಾರೆ. ನಗಲಿ. ಬಸ್ಸು, ಬ್ಯಾಂಕು, ಬುಕ್ಕು ಎಂದು ಕಂಡ ಶಬ್ದಕ್ಕೆಲ್ಲ ಬಾಲ ಹಚ್ಚುವವರು ಇವರು. ಥಾಯ್ ಜನರದು ಇನ್ನೊಂದು ಸೋಗು, ಇದ್ದ ಬಾಲವನ್ನೇ ನುಂಗುತ್ತಾರೆ. ಫೈವ್, ಫೈನ್, ಫೈಲ್ ಮೂರೂ ಅವರ ಬಾಯಲ್ಲಿ ಬರೇ ‘ಫಾಯ್’.

ಅವರಲ್ಲೊಬ್ಬಳು ಸಣ್ಣ ಊರಿನ ನರ್ಸ್. ಬ್ಯಾಂಕಾಕಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಸಂದರ್ಶನ ಪಾಸಾಗಬೇಕಿತ್ತು. ‘ಫೈವ್’ನ ಕೊನೆಯ ‘ವ್’ ಹೇಗೆಂದು ಕೆಳತುಟಿಗೆ ಹಲ್ಲು ಹಚ್ಚಿ ತೋರಿಸಿ, ತಿಳಿಯಿತಾ ಎಂದು ಕೇಳುತ್ತಿದ್ದೆ. ಆಕೆ ನಕ್ಕು, ಗೋಣು ಹಾಕಿ, “ಯೆಸ್ ಟೀಚರ್” ಎನ್ನುತ್ತಿದ್ದಳು. ಮರುಕ್ಷಣ ಮತ್ತೆ ‘ಫಾಯ್’. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡೆ. ನಾಲಿಗೆ ಹೊರಳಿಸಲೂ ಮೈಗಳ್ಳತನ.

ಬಾಗಿಲ ಬಳಿ ಮೆಂತೆಪಲ್ಲೆಯ ಎಲೆ ಬಿಡಿಸುತ್ತಿದ್ದ ನನ್ನ ಅತ್ತೆ ಒಂದು ದಿನ, ಪಾಠ ಮುಗಿದ ಮೇಲೆ ಅಂದರು, “ಆ ಹುಡಿಗೀಗೆ ಏನೂ ತಿಳಿವಲ್ದವಾ. ಕೇಳಾಕ ಅಂಜಾಕತ್ತಾಳ.”

“ನಿಮಗ ಇಂಗ್ಲಿಷ್ ಬರತೈತೇನ್ರಿ ಅತ್ತಿ?”

“ಇಂಗ್ಲಿಷ್ ಯಾಕ ಬೇಕ? ನೀ ಈ ಮನಿಗೆ ಹೊಸದಾಗಿ ಬಂದಾಗ ಹಿಂಗ ನಗತಿದ್ದಿ. ನಾ ಹೇಳಿದ್ದಕ್ಕೆಲ್ಲಾ ಹೂಂ ಅಂತಿದ್ದಿ, ಒಳಗ ಹೋಗಿ ರೊಟ್ಟಿ ಹೊತ್ತಸ್ತಿದ್ದಿ.”

ನನಗೆ ಮೈಯೆಲ್ಲ ಉರಿಯಿತು. ಹುಕ್ಕೇರಿಯ ತವರಿನಿಂದ ಗೋಕಾಕದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಜೋತಾಡಿ ಇಂಗ್ಲಿಷ್ ಎಂ.ಎ. ಮಾಡಿದವಳು ನಾನು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುವವರು ನನಗೆ ಕಲಿಸಬೇಕೆ? ಮರುದಿನ ಬೇಕೆಂದೇ ಮುಂದಿನ ಪಾಠ ಶುರುಮಾಡಿದೆ. ನಿನಗೆ ನಿಜವಾಗಿ ತಿಳಿದಿದೆಯೇ ಎಂದು ಆ ಹುಡುಗಿಯನ್ನು ಒಂದು ಸಲ ಕೇಳಬಹುದಿತ್ತು. ಕೇಳಿದರೆ ಅತ್ತೆ ಗೆದ್ದಂತಾಗುತ್ತಿತ್ತು. ಕೇಳಲಿಲ್ಲ.

ಸಂದರ್ಶನ ಮುಗಿದ ಮೇಲೆ ಆಕೆಯ ಸಂದೇಶ ಬಂತು. ಕೆಲಸ ಸಿಗಲಿಲ್ಲ. ನನ್ನ ಪಾಠ ಮೊದಲಿನಿಂದಲೂ ತಿಳಿದಿರಲಿಲ್ಲವಂತೆ; ಹೇಳಿದರೆ ಟೀಚರಿಗೆ ಅವಮಾನವಾದೀತೆಂದು ಸುಮ್ಮನಿದ್ದಳಂತೆ. ಕೊನೆಗೆ ನನ್ನ ಕ್ಷಮೆ ಬೇರೆ ಕೇಳಿದ್ದಳು. ನನ್ನ ಮೇಲೆ ನನಗೇ ಹೇಸಿಗೆ ಬಂತು.

“ಆ ಹುಡಿಗೀ ನೌಕರಿ ಆತೇನ?” ಅತ್ತೆ ಅಡುಗೆಮನೆಯಿಂದ ಕೇಳಿದರು.

“ಆತ್ರಿ” ಎಂದೆ.

ಅವರು ಹೊರಗೆ ಬಂದು ನನ್ನ ಮುಖ ನೋಡಿದರು. “ಛಲೋ ಆತ ಬಿಡವಾ” ಎಂದು, ಮತ್ತೇನೂ ಕೇಳದೆ ಒಳಗೆ ಹೋದರು.