ಶೀನಪ್ಪನ ಪಾಲು

ಜಾಲ್ಸೂರಿನ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ತ್ಯಾಂಪಣ್ಣಜ್ಜ ಕುಟ್ಟಿಟ್ಟ ಎಲೆಯಡಿಕೆಯ ಎರಡನೇ ಪಾಲನ್ನು ತನಗೇ ಎಂದುಕೊಂಡು, ಊರಿಗೆ ಹೊಸಬರಾದ ಕೃಷ್ಣಮೋಹನ ಮೇಷ್ಟ್ರು ಪಕ್ಕದಲ್ಲಿ ಕೂತು ಬಾಯಿಗೆ ಹಾಕಿದ್ದೇ ತಡ, "ಅಯ್ಯೋ ಮೇಷ್ಟ್ರೆ, ಅದು ಶೀನಪ್ಪಣ್ಣನ ಪಾಲು!" ಎಂದಳು ಚಾದಂಗಡಿಯ ಅಮ್ಮು. ಅಜ್ಜನ ಗೆಳೆಯ ಶೀನಪ್ಪ ಎಪ್ಪತ್ತಾರನೇ ವಯಸ್ಸಿನಲ್ಲೇ ತೀರಿಹೋಗಿ ಈಗ ಎಂಟು ವರ್ಷ. ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರ ಬಾಯಿಗೆ ಉಗುಳುವುದೋ ನುಂಗುವುದೋ ತಿಳಿಯಲಿಲ್ಲ. ಅಜ್ಜ ಮಾತ್ರ ಕುಟ್ಟಾಣಿ ಒರೆಸುತ್ತಿದ್ದರು. ತೊಂಬತ್ತು ದಾಟಿದ ಮೇಲೆ ಅವರು ವಯಸ್ಸು ಎಣಿಸುವುದನ್ನು ಬಿಟ್ಟಿದ್ದಾರೆ. ಹಲ್ಲುಗಳು ಅವರನ್ನು ಅದಕ್ಕೂ ಮೊದಲೇ ಬಿಟ್ಟಿವೆ. ಬೆಳಗ್ಗಿನ ಸುಳ್ಯ ಬಸ್ಸಿಗೂ ಮುಂಚೆ ಬಂದು ಕೂರುತ್ತಾರೆ, ಯಾವ ಬಸ್ಸನ್ನೂ ಹತ್ತುವುದಿಲ್ಲ. ಕಾಸರಗೋಡಿನ ಬಸ್ಸು ತಡವಾದರೆ ಡ್ರೈವರನಿಗೆ ಮಲಯಾಳದಲ್ಲಿ ಬೈಗುಳ, ಬೇಗ ಬಂದರೆ ತುಳುವಿನಲ್ಲಿ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ, "ನಾನು ಹೋಗುವ ಕಡೆಗೆ ಬಸ್ಸೇ ಇಲ್ಲ ಮಾರಾಯ್ರೆ" ಎಂದು ನಿಟ್ಟುಸಿರು. ಮನೆಯಲ್ಲಿ ಹನ್ನೊಂದು ಮಂದಿ ಇದ್ದಾರೆ. "ಊಟ ಆಯ್ತಾ ಅಜ್ಜ?" ಎಂದು ಎಲ್ಲರೂ ಕೇಳುತ್ತಾರೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ಪ್ರಾಯದಲ್ಲಿ ಕೋಲು ಹಿಡಿದು ಹುಲಿ ಓಡಿಸಿದ ಕಥೆಗೆ ಈಗ ಎಲ್ಲರದ್ದೂ "ಹೌದು ಹೌದು". ಅದೇ ಅವರಿಗೆ ಬೇಸರ. "ಸುಳ್ಳು ಬಿಡಬೇಡ, ಅದು ನಾಯಿ" ಎನ್ನಬಲ್ಲವನು ಶೀನಪ್ಪ ಒಬ್ಬನೇ ಇದ್ದ. ಇದನ್ನೆಲ್ಲ ಅಮ್ಮುವಿನಿಂದ ಕೇಳಿದ ಮೇಷ್ಟ್ರು ಕೆಂಪು ಬಾಯಿ ಒರೆಸಿಕೊಂಡು ಮೆಲ್ಲ ಕೇಳಿದರು: "ಬಾರದವನಿಗೆ ದಿನಾ ಯಾಕೆ ಕುಟ್ಟುದು ಅಜ್ಜ?" ಅಜ್ಜ ಮುಖ ಎತ್ತಲಿಲ್ಲ. "ಒಬ್ಬನಿಗೇ ಕುಟ್ಟಿದ್ರೆ ನೀವು ಕೂತುಕೊಳ್ತಿದ್ರಾ?"