ಮುಟ್ಬೇಡಣ್ಣನ ಬಾಸು

ಕನ್ನಡಕದ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಮುಟ್ಬೇಡಣ್ಣ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಹಳೇ ಎಲೆಕ್ಟ್ರಿಕ್ ಬಾಸುಗಳನ್ನು ಕೂಡಿಹಾಕಿದ್ದ. ಆಳೆತ್ತರಕ್ಕೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಹೊಟ್ಟೆಯೇ ಇಲ್ಲ, ಬರೀ ಬೆನ್ನುಮೂಳೆ, ನಾಲ್ಕು ದಪ್ಪ ತಂತಿ. ಕರೆಂಟು ಕೊಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಅವನ್ನು ಮಾಡುತ್ತಿದ್ದ ಕಾರ್ಖಾನೆಗಳು ಯಾವತ್ತೋ ಮುಚ್ಚಿಹೋದವು. ಒಂದನ್ನಾದರೂ ಈ ಪುಣ್ಯಾತ್ಮ ನುಡಿಸಿದನೇ? ಎಲ್ಲಿ ಬಂತು! ಯಾರಾದರೂ ಇಣುಕಿದರೆ ಸಾಕು, "ಮುಟ್ಬೇಡಿ!" ಧೂಳು ಹೊಡೆಯಲು ಬಂದ ಹೆಂಡತಿಗೂ ಅದೇ ಮಂತ್ರ. ಅವಳು ಪೊರಕೆ ಬಿಸಾಕಿ ಹೋದವಳು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಅವುಗಳಲ್ಲಿ ಕಂದು ಬಣ್ಣದ್ದೊಂದು ಮಾತ್ರ ಅವನು ಕೊಂಡದ್ದಲ್ಲ, ತಮ್ಮನದು. ಡಾನ್ಸ್ ಹಾಲ್‌ಗಳಲ್ಲಿ ಅದನ್ನೇ ನುಡಿಸಿ ಹೊಟ್ಟೆ ಹೊರೆದವನು ತಮ್ಮ. ಅವನು ಕೈ ಮುರಿದುಕೊಂಡು ಮಲಗಿದಾಗ, "ನನ್ನ ಹತ್ರ ಜೋಪಾನವಾಗಿರ್ಲಿ ಬಿಡೋ" ಎಂದು ಅಣ್ಣ ಹೊತ್ತು ತಂದಿದ್ದ. ಈಗ ಕೈ ಸರಿಹೋಗಿ, ಬ್ಯಾಂಡಿನವರು ಮತ್ತೆ ಕರೆದಿದ್ದರು. ತಮ್ಮ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾ, ಶನಿವಾರದಿಂದ ಕೆಲಸ. ನನ್ನ ಬಾಸ್ ಕೊಡು."

"ಇಂಥದ್ದು ಇನ್ನೊಂದು ಎಲ್ಲೂ ಇಲ್ಲ, ಗೊತ್ತಾ? ನಿನ್ನ ಬೆವರು ಬಿದ್ದು ಅದರ ಕತ್ತು ಹೆಂಗೆ ಕಪ್ಪಾಗಿದೆ ನೋಡು."

"ಬೆವರಲ್ದೆ ಪನ್ನೀರು ಹಚ್ಕೊಂಡು ನುಡಿಸ್ತಾರಾ?"

"ಬಾಡಿಗೇದು ತಗೊಂಡು ಹೋಗು."

"ಅದು ನಂದಣ್ಣಾ!"

"ನಾಳಿದ್ದು ಬಾ, ನೋಡೋಣ" ಎಂದು ಅಣ್ಣ ಬಾಗಿಲು ಹಾಕಿದ. ಕೊಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಹೊಟ್ಟೆಕಿಚ್ಚು ಇವತ್ತಿನದಲ್ಲ. ಅಪ್ಪ ನಾಲ್ಕು ಜನರೆದುರು ಚಪ್ಪಾಳೆ ತಟ್ಟಿದ್ದು ತಮ್ಮನಿಗೆ. ಇವನ ಕೈಗೆ ಇಟ್ಟದ್ದು ಅಂಗಡಿಯ ಬೀಗದಕೈ. ಕತ್ತಿನ ಮೇಲಿನ ಬೆರಳ ಗುರುತುಗಳನ್ನು ಒರೆಸಿಹಾಕಿದರೆ, ಇದು ತಮ್ಮನದು ಅನ್ನುವುದಕ್ಕೆ ಇನ್ನೇನು ಉಳಿಯುತ್ತೆ?

ಅಂದೇ ಮಧ್ಯಾಹ್ನ ಅಂಗಡಿ ಮುಚ್ಚಿ, ಗಾಜು ಒರೆಸುವ ಮೆತ್ತನೆಯ ಬಟ್ಟೆ ಹಿಡಿದು ಕೂತ. ತಂತಿಗಳು ಅಡ್ಡ ಬಂದವೆಂದು ನಾಲ್ಕನ್ನೂ ಒಟ್ಟಿಗೆ ಬಿಚ್ಚಿದ. ಬಾಸ್ ನುಡಿಸುವ ಎಂಥ ದಡ್ಡನೂ ಹಾಗೆ ಮಾಡುವುದಿಲ್ಲ! ತಂತಿ ಹೊರುವ ಮರದ ಕುದುರೆಗೆ ಅಂಟಿಲ್ಲ, ಮೊಳೆಯಿಲ್ಲ; ತಂತಿಯ ಬಿಗಿಯೇ ಅದನ್ನು ನಿಲ್ಲಿಸಿರುತ್ತದೆ. ಅದಕ್ಕೇ ಒಂದು ತಂತಿ ಬಿಚ್ಚಿ, ಮತ್ತೆ ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು. ಕುದುರೆ ಮಗುಚಿ ಬಿತ್ತು. ಅದರ ಕಾಲಿಗೆ ಕೂರಿಸಿದ್ದ, ಸದ್ದು ಹಿಡಿಯುವ ಹಳೇ ಹರಳು ನೆಲಕ್ಕೆ ಬಡಿದು ಬಿಸ್ಕತ್ತಿನ ಹಾಗೆ ಪುಡಿಯಾಯಿತು.

ಹೇಳಿದ ದಿನ ತಮ್ಮ ಬಂದ. ಬಿದ್ದದ್ದನ್ನು ನೋಡಿದ. ಮಂಡಿಯೂರಿ ಕುದುರೆ ನಿಲ್ಲಿಸಿದ, ತಂತಿಗಳನ್ನು ಒಂದೊಂದಾಗಿ ಬಿಗಿದ, ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದ. ಪೆಟ್ಟಿಗೆ ಗುಂಯ್ ಅಂದಿತೇ ಹೊರತು ಬಾಸ್ ಮಾತಾಡಲಿಲ್ಲ.

"ಹೊಸಾ ಹರಳು ಹಾಕಿಸ್ತೀನಿ ಕಣೋ," ಅಣ್ಣನ ನಾಲಿಗೆ ತೊದಲಿತು.

"ಹಾಕ್ಸು. ಆಗ ಅದು ಬೇರೆ ಯಾರದೋ ದನಿ."

"ತಗೊಂಡು ಹೋಗೋ ಮಾರಾಯ. ನಿಂದೇ ಅದು, ನಿಂದೇ!"

ತಮ್ಮ ಬಾಸನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡ.

"ಬೇಡ, ನೀನೇ ಇಟ್ಕೋ. ಇನ್ಮೇಲೆ ನೀನು ಹೇಳೋದೇ ಬೇಡ ಅಣ್ಣಾ, ಇದನ್ನ ಯಾರೂ ಮುಟ್ಟಲ್ಲ."